ಮೂವತ್ತೆಂಟು ಪೆಟ್ಟಿಗೆಗಳ ವೈರಾಗ್ಯ

ಟೈಲರಕ್ಕನ ತಮ್ಮ ಲೋಕ ಸುತ್ತಲು ಹೊರಟಾಗ ಬಾಡಿಗೆ ಮನೆ ಖಾಲಿ ಮಾಡಿ, ಇದ್ದಬದ್ದ ಸಾಮಾನನ್ನೆಲ್ಲ ಮೂವತ್ತೆಂಟು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ನಂಬರು ಬರೆದು, ಅಕ್ಕನ ಹೊಲಿಗೆ ಕೋಣೆಯಲ್ಲಿ ಪೇರಿಸಿದ. "ಆರೇ ತಿಂಗಳು ಅಕ್ಕ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದ್ಬಿಡ್ತೀನಿ" ಎಂದ. ಅಕ್ಕ ಮುಚ್ಚಿದ್ದೂ ಆಯಿತು, ತೆಗೆದದ್ದೂ ಆಯಿತು. ಎರಡೂವರೆ ವರ್ಷ ಕಳೆಯಿತು.

ಅಷ್ಟೂ ದಿನ ಆಕೆಯ ಮೆಷಿನ್ನು ಅಡುಗೆಮನೆಯಲ್ಲಿ, ಒಲೆಯಿಂದ ಎರಡು ಗೇಣು ದೂರ. ಬಟ್ಟೆ ಕತ್ತರಿಸುವ ಮೇಜು ಕಾಲು ಮಡಚಿಕೊಂಡು ಮಂಚದಡಿ. ಅಳತೆ ಕೊಡಲು ಬಂದ ಹೆಂಗಸರು ಬಚ್ಚಲಲ್ಲಿ ನಿಂತು ಕೈ ಎತ್ತಬೇಕು. "ನೀನು ಹೊಲಿದಿದ್ದು ಹಾಕ್ಕೊಂಡ್ರೆ ಮೈಯೆಲ್ಲ ಕರಿದೆಣ್ಣೆ ವಾಸನೆ ಕಣೇ" ಎಂದು ಒಬ್ಬೊಬ್ಬರೇ ಬೇರೆ ಟೈಲರನ್ನು ಹಿಡಿದರು.

ತಮ್ಮ ಮಾತ್ರ ದೂರದಿಂದ ಜ್ಞಾನ ಕಳಿಸುತ್ತಲೇ ಇದ್ದ. "ಇವತ್ತು ಸಮುದ್ರದ ದಡದಲ್ಲಿ ಕೂತಾಗ ಹೊಳೀತು ಅಕ್ಕ, ವಸ್ತುಗಳೇ ನಮಗೆ ಸಂಕೋಲೆ. ಆಮೇಲೆ, ಹದಿನೇಳನೇ ಪೆಟ್ಟಿಗೆಗೆ ಗೋಡೆ ತೇವ ತಾಗ್ತಿದೆಯಾ, ಸ್ವಲ್ಪ ನೋಡು." ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ! ಆಕೆ ಹೊಲಿಗೆ ಬಿಟ್ಟು ಎದ್ದು ಹೋಗಿ ಹದಿನೇಳನೆಯದನ್ನು ಈಚೆಗೆ ಎಳೆದಿಡುತ್ತಿದ್ದಳು.

ತಿರುಗಿ ಬಂದವನು ಪೆಟ್ಟಿಗೆ ಒಯ್ಯುವ ಮಾತೇ ಎತ್ತಲಿಲ್ಲ. ಮತ್ತೆರಡು ವರ್ಷದ ಪ್ರವಾಸವಂತೆ, ಅದಕ್ಕೆ ಮೊದಲು ಶನಿವಾರ ಲೈಬ್ರರಿಯಲ್ಲಿ ಅನುಭವ ಕಥನವಂತೆ. ಅದೇ ವಾರ ಶಾಲೆಯ ಹೆಡ್‌ಮಿಸ್ಟ್ರೆಸ್ ಇನ್ನೂರು ಯೂನಿಫಾರಂ ಹೊಲಿಯಲು ಕೇಳಿದ್ದರು. "ಕತ್ತರಿಸೋಕೆ ಜಾಗ ಇದೆ ತಾನೆ? ಭಾನುವಾರ ಹೇಳಿ" ಎಂದಿದ್ದರು. ಈ ಕೆಲಸವೂ ಕೈತಪ್ಪಿದರೆ ಮೆಷಿನ್ನು ಮಾರುವುದೇ ಸೈ ಎಂದು ಟೈಲರಕ್ಕನಿಗೆ ಗೊತ್ತಿತ್ತು.

ಲೈಬ್ರರಿಯಲ್ಲಿ ಚಿತ್ರಗಳು ಓಡಿದವು. ಮರುಭೂಮಿಗೆ ಎದುರಾಗಿ ನಿಂತ ತಮ್ಮನ ಬೆನ್ನು, ಹಿಮಕ್ಕೆ ಎದುರಾಗಿ ನಿಂತ ತಮ್ಮನ ಬೆನ್ನು. ನಲವತ್ತು ದೇಶ ಸುತ್ತಿ ತನ್ನ ಬೆನ್ನನ್ನೇ ತೋರಿಸಲು ಇಷ್ಟು ಜನರನ್ನು ಕರೆದಿದ್ದಾನಲ್ಲ ಎನಿಸಿತು ಆಕೆಗೆ. ಕೊನೆಗೆ ಒಬ್ಬ ನಿವೃತ್ತ ಮೇಷ್ಟ್ರು, "ಬಿಟ್ಟು ಹೋದ ಸಾಮಾನು ನೆನಪಾಗ್ಲಿಲ್ವೇನಪ್ಪಾ?" ಎಂದು ಕೇಳಿದರು.

"ಎಳ್ಳಷ್ಟೂ ಇಲ್ಲ ಸಾರ್. ಏನೇನಿತ್ತು ಅನ್ನೋದೇ ಮರೆತುಹೋಗಿದೆ."

ಚಪ್ಪಾಳೆ ಬಿತ್ತು. ಟೈಲರಕ್ಕನ ಮೈ ಉರಿದುಹೋಯಿತು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದವಳು ಎದ್ದು ನಿಂತಳು. "ಮರೆತಿದ್ದಾನಂತೆ, ಕೇಳಿಸ್ಕೊಂಡ್ರಲ್ಲ? ಎಲ್ಲ ನಮ್ಮನೇಲೇ ಇದೆ. ನಾಳೆ ಬೆಳಿಗ್ಗೆ ಬನ್ನಿ, ಬೇಕಾದ್ದು ತಗೊಂಡು ಹೋಗಿ. ಬಿಟ್ಟಿ." ಮತ್ತೊಮ್ಮೆ ಚಪ್ಪಾಳೆ, ಈ ಸಲ ಜೋರಾಗಿ. ವೇದಿಕೆಯ ಮೇಲೆ ತಮ್ಮ ಇಂಗು ತಿಂದ ಮಂಗನ ಹಾಗೆ ನಕ್ಕ.

ಭಾನುವಾರ ಬಾಗಿಲಲ್ಲಿ ಮೂವತ್ತು ಜನ. ಅವರಿಗಿಂತ ಮೊದಲೇ ತಮ್ಮ ಹಾಜರು. "ಹದಿನೇಳು ಮುಟ್ಬೇಡಿ!" ಎಂದು ಕೈ ಅಗಲಿಸಿ ಅಡ್ಡ ನಿಂತ. ಅಕ್ಕ ಕತ್ತರಿ ಹಾಕಿ ಹದಿನೇಳನ್ನೇ ಸೀಳಿದಳು. ಒಳಗೆ ಟೀವಿಯ ಖಾಲಿ ಪೆಟ್ಟಿಗೆ, ಅದರೊಳಗೆ ಕ್ಯಾಮೆರಾದ ಖಾಲಿ ಪೆಟ್ಟಿಗೆ, ಅದರೊಳಗೆ ಎಂದೋ ಕೆಟ್ಟ ಫೋನಿನ ಖಾಲಿ ಪೆಟ್ಟಿಗೆ.

"ಮಾರುವಾಗ ಡಬ್ಬ ಇದ್ರೆ ಬೆಲೆ ಜಾಸ್ತಿ ಬರುತ್ತೆ ಅಕ್ಕ" ಎಂದ ತಮ್ಮ, ನೆಲ ನೋಡುತ್ತ.

ಯಾರೋ ಕಿಸಕ್ಕನೆ ನಕ್ಕರು. ಆಕೆಗೆ ನಗು ಬರಲಿಲ್ಲ. ಮಧ್ಯಾಹ್ನದೊಳಗೆ ಅವನೇ ಒಂದು ವ್ಯಾನು ತಂದು, ಉಳಿದದ್ದನ್ನೆಲ್ಲ ಹೇರಿಸಿಕೊಂಡು, ಮುಖ ಊದಿಸಿಕೊಂಡು ಹೋದ. "ಲೋಕದಲ್ಲೆಲ್ಲೂ ಇಂಥ ಕಲ್ಲುಮನಸ್ಸು ನೋಡಿಲ್ಲ" ಎಂದು ಬೀದಿಗೆ ಕೇಳುವ ಹಾಗೆ ಹೇಳಿಯೇ ಹೋದ.

ಖಾಲಿ ಕೋಣೆಯಲ್ಲಿ ನಿಂತಾಗ ಆಕೆಗೆ ಅವನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು. ಎರಡೂವರೆ ವರ್ಷ ಗಾಳಿಯನ್ನು ತೇವದಿಂದ ಕಾಪಾಡಿದ್ದಳು, ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ನಾಚಿಕೆಯಾಯಿತು, ಅತ್ತಳು ಕೂಡ. ಆಮೇಲೆ ಮೂಗು ಒರೆಸಿಕೊಂಡು ಹೆಡ್‌ಮಿಸ್ಟ್ರೆಸ್‌ಗೆ ಫೋನು ಹಚ್ಚಿದಳು.

"ಬಟ್ಟೆ ಕಳಿಸಿ ಮೇಡಂ" ಎಂದಳು. "ಜಾಗ ಇದೆ."