ಪ್ಲಾಸ್ಟಿಕ್ ಕೀಳದ ಕೀಬೋರ್ಡು

"ಮೂಸು ನಿನ್ನ ಕೈ. ಮೂಸು ಅಂದ್ನಲ್ಲ, ಕಿವಿ ಸತ್ತಾವೇನು?"

ಮೂಸಿದೆ. ಹದಿನೇಳು ಜನ ನೋಡುತ್ತಿದ್ದರು.

"ಏನ್ ವಾಸನಿ?"

"ಬೋಟಿ ಸಾರು, ಸರ್."

"ಕರುಳು ತಿನ್ನೋ ನಿಮ್ಮ ಕೇರಿ ವಾಸನಿ ಅದು. ಆ ಕೈಲೆ ನನ್ನ ಮಶೀನ್ ಮುಟ್ಟತೀಯಲ್ಲ, ಹಲ್ಕಟ್ ರಂಡೆ. ಹೋಗಿ ಫಿನಾಯಿಲ್ ಹಾಕಿ ತೊಳ್ಕೊಂಡ್ ಬಾ."

ಕಾಶಿನಾಥ ನಮ್ಮ ಮ್ಯಾನೇಜರ್. ಬೀದರ್ ಕಡೆಯವನು, ಬಯ್ಯುವಾಗ ಮಾತ್ರ ಕನ್ನಡ ನೆನಪಾಗುತ್ತದೆ. ಗಡಿಯಾಚೆ, ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ಹದಿನೆಂಟು ಮಂದಿ ಕೂತು ಕರ್ನಾಟಕದ ಆಸ್ಪತ್ರೆಗಳ ಹಳೇ ಕಾಗದಗಳನ್ನು ಕಂಪ್ಯೂಟರಿಗೆ ಇಳಿಸುತ್ತೇವೆ. ಕನ್ನಡದ ಗೀಚು ಓದುವವರು ಬೇಕೆಂದು ರಾಯಚೂರು, ಯಾದಗಿರಿಯಿಂದ ನಮ್ಮನ್ನು ತಂದಿದ್ದಾರೆ. ಗಂಟೆಗೆ ಎಂಟು ಸಾವಿರ ಸಲ ಕೀ ಒತ್ತಬೇಕು. ಬೇರೆಯವರ ರೋಗ ಬರೆದೂ ಬರೆದೂ ನನ್ನ ಬಲಗೈಗೆ ರೋಗ ಬಂತು. ರೊಟ್ಟಿ ಬಡಿಯಲಾಗುವುದಿಲ್ಲ, ಮಗಳಿಗೆ ಜಡೆ ಹಾಕಲಾಗುವುದಿಲ್ಲ.

ಇಎಸ್‌ಐ ಡಾಕ್ಟರು ಚೀಟಿ ಬರೆದುಕೊಟ್ಟರು. ನಡುವೆ ಉಬ್ಬಿ ಎರಡೂ ಕಡೆ ಇಳಿಜಾರಾದ ಕೀಬೋರ್ಡು, ನೆಟ್ಟಗೆ ನಿಲ್ಲುವ ಮೌಸು. ಹೀಗೇ ಆರು ತಿಂಗಳು ದುಡಿದರೆ ಹೆಬ್ಬೆರಳ ಶಕ್ತಿ ಹೋಗುತ್ತದೆ ಶಿವದೇವಿ, ಮತ್ತೆ ಬರುವುದಿಲ್ಲ ಎಂದರು.

ಕಾಶಿನಾಥ ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಡಿಸಿ, ಪೆನ್ನಿನ ತುದಿಯಿಂದ ತಿರುವಿ ಓದಿದ.

"ಕೀಬೋರ್ಡ್ ಆರಿಸ್ಕೊಳ್ಳಾಕ ಬಂದಾಳ ನೋಡ್ರಿ, ಸೀರಿ ಆರಿಸ್ದಂಗ. ನಿಮ್ಮವ್ವ ಕಳೆ ಕೀಳುವಾಗ ಯಾವ ಡಾಕ್ಟರ್ ಚೀಟಿ ಕೊಟ್ಟಿದ್ದ?"

ಹದಿನೈದು ದಿನಕ್ಕೆ ಹದಿನೆಂಟು ಡಬ್ಬಿ ಬಂದವು. ಕೀಬೋರ್ಡು, ಮೌಸು, ಡಾಕ್ಟರು ಬರೆದಂಥವೇ. ನೋಡಿ ಅಳು ಬಂತು, ದಡ್ಡಿ ನಾನು. ನಮಗೆ ಕೆಲಸ ಕೊಡುವ ಮುಂಬೈ ಕಂಪನಿಯವರು ಮರುದಿನ ತಪಾಸಣೆಗೆ ಬರುವವರಿದ್ದರು.

"ಅವ್ರು ಹೋದ ಕೂಡ್ಲೆ ಇವು ಅಂಗಡಿಗೆ ವಾಪಸ್," ಎಂದ ಕಾಶಿನಾಥ. "ಮ್ಯಾಲಿನ ಪ್ಲಾಸ್ಟಿಕ್ ಕಿತ್ತೀರಿ ಅಂದ್ರ ಚರ್ಮ ಸುಲೀತೀನಿ."

ಬಂದವರಲ್ಲಿ ಒಬ್ಬಾಕೆ ನನ್ನ ಹತ್ತಿರ ನಿಂತು, ಇದನ್ನು ನೀವೇ ಆರಿಸಿದಿರಾ ಎಂದು ಹಿಂದಿಯಲ್ಲಿ ಕೇಳಿದಳು. ಕಾಶಿನಾಥ ಹಿಂದೆಯೇ ಇದ್ದ. ಹೌದು ಎಂದೆ. ನಾನೇ ಆರಿಸಿಕೊಂಡೆ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದೆ, ಎಡಗೈಯಿಂದ ಬಲಗೈ ಹಿಡಿದುಕೊಂಡು. ಆಕೆ ನಕ್ಕು, ನನ್ನ ಕೈಯನ್ನು ಮೌಸಿನ ಮೇಲೆ ಇಟ್ಟು ತೋರಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮಣಿಕಟ್ಟು ಸುಮ್ಮನಿತ್ತು. ಆಗಲೇ ನನಗೆ ನಿಜವಾದ ಸಿಟ್ಟು ಬಂದದ್ದು. ನೋಯದೆ ದುಡಿಯಬಹುದಿತ್ತು ಎಂದು ಈ ಸೂಳೇಮಗನಿಗೆ ಗೊತ್ತಿತ್ತು.

ಅವರಿಗೆ ಬಿರಿಯಾನಿ ತಿನ್ನಿಸಲು ಕಾಶಿನಾಥ ಕೆಳಗೆ ಕರೆದುಕೊಂಡು ಹೋದ. ನಮ್ಮದೂ ಊಟದ ಹೊತ್ತು. ಪಕ್ಕದ ಹುಸೇನಪ್ಪ ಡಬ್ಬಿ ಬಿಚ್ಚಿದ.

"ಏನ್ ತಂದೀಯೋ?"

"ಬೋಟಿ, ಅಕ್ಕ."

"ಈಕಡೆ ತಾ."

ನನ್ನ ಕೀಬೋರ್ಡಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದೆ. ಬೆರಳುಗಳನ್ನು ಸಾರಿನಲ್ಲಿ ಅದ್ದಿ ಒಂದೊಂದೇ ಕೀ ಒತ್ತಿದೆ, ಮೌಸಿಗೂ ಸವರಿದೆ. ಹುಸೇನಪ್ಪ ನೋಡಿದ, ತನ್ನದನ್ನೂ ಹರಿದ. ಆಮೇಲೆ ಸಾಲಿನುದ್ದಕ್ಕೂ ಪ್ಲಾಸ್ಟಿಕ್ ಹರಿಯುವ ಸದ್ದೇ ಸದ್ದು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಎಂಟು ಸಾವಿರದ ಕೈಗಳು, ಹೊತ್ತೇನೂ ಹಿಡಿಯಲಿಲ್ಲ.

ಮುಂಬೈಯವರನ್ನು ಕಳಿಸಿ, ಕಾಶಿನಾಥ ಅಂಗಡಿಯವನನ್ನು ಕರೆದುಕೊಂಡೇ ಮೇಲೆ ಬಂದ. ಅಂಗಡಿಯವನು ಒಂದನ್ನು ಎತ್ತಿ ನೋಡಿ ಕೆಳಗಿಟ್ಟ.

"ಖುಲಾ ಮಾಲ್ ವಾಪಸ್ ನೈ ಲೇತೇ ಸಾಬ್," ಬಿಚ್ಚಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು, ಖಾಲಿ ಚೀಲ ಮಡಚಿಕೊಂಡು ಇಳಿದು ಹೋದ.

"ಯಾವ ಬೋಳಿಮಗಳು ಇದನ್ನ ಮಾಡಿದಾಕಿ?"

"ನಾನ, ಸರ್. ಆರಿಸ್ಕೊಂಡೀನಿ. ಸಹಿ ಐತಲ್ಲ ನಂದು."

ನನ್ನ ಹಿಡಿಯಲ್ಲಿದ್ದ ಮೌಸಿಗೇ ಕೈ ಹಾಕಿ ಎಳೆದ. ಹೆಬ್ಬೆರಳಿನಿಂದ ಮೊಣಕೈವರೆಗೆ ಬೆಂಕಿ ಹತ್ತಿತು. ಬಿಡಲಿಲ್ಲ. ಎಣ್ಣೆಗೆ ಅವನ ಕೈಯೇ ಜಾರಿತು. ಅಂಗೈ ನೋಡಿಕೊಂಡ. ಕೆಂಪಗೆ ಸಾರು ಮೆತ್ತಿತ್ತು.

"ಮೂಸ್ರಿ, ಸರ್," ಎಂದೆ.

ಹದಿನೇಳು ಜನ ಎದ್ದು ನಿಂತಿದ್ದರು. ಬಾಗಿಲ ಹತ್ತಿರದವನು ಒಳಗಿನಿಂದ ಚಿಲಕ ಹಾಕಿದ.