ಮುನಿತಾಯಮ್ಮನ ಜಿರಲೆ ಬೆಳೆ

ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಹುಳ ಸಾಕುವವರಿಗೇನೂ ಬರವಿರಲಿಲ್ಲ. ಆದರೆ ಮುನಿತಾಯಮ್ಮನ ಹುಳದ ಮನೆಯ ಗತ್ತೇ ಬೇರೆ. ಕಾಲು ತೊಳೆಯದೆ ಹೊಸಿಲು ದಾಟಿದರೆ ಕಟ್ಟಿಕೊಂಡ ಗಂಡನನ್ನೂ ಬಿಡುತ್ತಿರಲಿಲ್ಲ ಮಹಾತಾಯಿ. ಬೆಳಗೆದ್ದು ಎಲ್ಲ ತಟ್ಟೆಗಳ ಹಿಕ್ಕೆ ಬಳಿದು ತಿಪ್ಪೆಗೆ ಸುರಿದ ಮೇಲೇ ಬಾಯಿಗೆ ನೀರು. ಬೆಳೆ ಕೈಕೊಟ್ಟದ್ದೇ ಇಲ್ಲ. ಇಷ್ಟಾದರೂ ಊರು ಹೊಗಳುತ್ತಿದ್ದದ್ದು ಅವಳ ಮಾವ ಬೈಲಪ್ಪನನ್ನು. "ಏನು ಕೈಗುಣ ಬೈಲಪ್ಪಂದು!" ಮಾವನೂ ಅಲ್ಲವೆನ್ನದೆ ಮೀಸೆ ತಿರುವಿಕೊಳ್ಳುತ್ತಿದ್ದ. ಮುನಿತಾಯಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು.

ಎಪ್ಪತ್ತೊಂದನೇ ಇಸವಿಯ ಮಳೆಗಾಲದಲ್ಲಿ ಬೈಲಪ್ಪ ಗಾಡಿಯಿಂದ ಬಿದ್ದು ಮಂಚ ಹಿಡಿದ. ಅದೇ ವಾರ ಹಿಪ್ಪುನೇರಳೆ ಸೊಪ್ಪಿನ ಹೊರೆಯಲ್ಲಿ ಒಂದು ಗೋಸುಂಬೆ ಬಂತು. ಕುಡುಗೋಲು ತಗುಲಿ ಅದರ ಹಿಂಗಾಲು ಊನವಾಗಿತ್ತು. ಮುದುಕ ಅದನ್ನು ಕಿಟಕಿಗೆ ಕಟ್ಟಿಸಿದ ನುಗ್ಗೆಕೊಂಬೆಯ ಮೇಲೆ ಕೂರಿಸಿಕೊಂಡು, "ನಾನೂ ಕುಂಟ, ನೀನೂ ಕುಂಟ" ಎಂದು ದಿನವಿಡೀ ಹರಟುತ್ತಿದ್ದ. ಮಿಡತೆ ಸಿಗುವಷ್ಟು ದಿನ ಸುಖವಾಗಿತ್ತು.

"ಚಳಿ ಬಿದ್ರೆ ಮಿಡತೆ ಇರಲ್ಲ ಕಣಮ್ಮ. ದಿನಾ ಒಂದಿಷ್ಟು ರೇಷ್ಮೆಹುಳ ತಂದಾಕು," ಎಂದ ಒಂದು ದಿನ.

"ಹುಳ ಕೊಡಲ್ಲ ಮಾವ." ಈ ಮನೆಗೆ ಬಂದ ಮೇಲೆ ಅವಳು ಎದುರಾಡಿದ್ದು ಅದೇ ಮೊದಲು. "ಗೂಡು ಕಟ್ಲಿ ಅಂತ ಸಾಕಿರೋದು. ಗೋಸುಂಬೆ ಊಟ ನಾನೇ ಬೇರೆ ಬೆಳೀತೀನಿ."

"ಏನ್ ಬೆಳೀತೀಯ?"

"ಜಿರಲೆ."

ಮುದುಕ ಸೊಂಟದ ನೋವು ಮರೆತು ನಕ್ಕ. "ಆಗ್ಲಿ. ಸಂಕ್ರಾಂತಿ ಹೊತ್ಗೆ ಆಗ್ಲಿಲ್ಲ ಅಂದ್ರೆ ನಿನ್ನ ಹುಳದ ತಟ್ಟೆಗೇ ಕೈ ಹಾಕಿಸ್ತೀನಿ!"

ಮುನಿತಾಯಮ್ಮ ಆಲೆಮನೆಯ ಮೂಲೆಗಳಿಂದ ದಪ್ಪ ದಪ್ಪ ಜಿರಲೆ ಹಿಡಿದು ತಂದು, ಮರಿ ಮಾಡಲೆಂದು ಹಳೇ ಮಣ್ಣಿನ ಗುಡಾಣಕ್ಕೆ ಬಿಟ್ಟಳು. ಹತ್ತಿ ಬರದಂತೆ ಒಳಗಿನ ಕಂಠಕ್ಕೆ ಹರಳೆಣ್ಣೆ ಬಳಿದು, ಹಾರಿ ಹೋಗದಂತೆ ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ಅಡಗಲು ತೆಂಗಿನ ಚಿಪ್ಪು, ತಿನ್ನಲು ರಾಗಿ ಹೊಟ್ಟು, ಕುಂಬಳದ ಚೂರು. ಗುಡಾಣ ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಕೂತಿತು. ಇನ್ನು ಶುಚಿಯ ಮಾತು ಕೇಳಬೇಕೇ? ಹುಳದ ತಟ್ಟೆಯ ಹಾಗೆಯೇ ದಿನಾ ಗುಡಾಣದ ತಳ ಬಳಿದು ತಿಪ್ಪೆಗೆ ಸುರಿಯುತ್ತಿದ್ದಳು. ಜಿರಲೆಗಳಿಗೆ ಅಂಥ ಉಪಚಾರ ಯಾವ ಜನ್ಮದಲ್ಲೂ ಆಗಿರಲಾರದು.

ದೀಪಾವಳಿ ಬಂತು. ಗುಡಾಣದಲ್ಲಿ ಒಂದೇ ಒಂದು ಮರಿ ಇಲ್ಲ. ಸಿಕ್ಕ ಒಂದೆರಡು ನೊಣದಲ್ಲೇ ದಿನ ದೂಡುತ್ತಿದ್ದ ಗೋಸುಂಬೆಯ ಹೊಟ್ಟೆ ಒಳಗೆಳೆದುಕೊಳ್ಳುತ್ತಿತ್ತು. ಮಾವ ಬೇಕೆಂದೇ, "ಮರಿ ಎಷ್ಟಾದ್ವಮ್ಮ?" ಎಂದು ದಿನಾ ಕೇಳುತ್ತಿದ್ದ.

ಒಂದು ಬೆಳಗ್ಗೆ ಬಟ್ಟೆ ಬಿಚ್ಚಿದಾಗ ಒಂದು ಹೆಣ್ಣು ಜಿರಲೆಯ ಹಿಂಬದಿಯಲ್ಲಿ ಹುಣಸೆಬೀಜದ ಬಣ್ಣದ ಪುಟ್ಟ ಚೀಲ ಅಂಟಿಕೊಂಡಿತ್ತು. ನೋಡನೋಡುತ್ತಲೇ ಅದನ್ನು ಹಿಕ್ಕೆಯೊಳಗೆ ಉದುರಿಸಿ ಓಡಿತು. ಮುನಿತಾಯಮ್ಮ ಅದನ್ನು ಎತ್ತಿ ನೋಡಿದಳು: ಮೊಟ್ಟೆಯ ಚೀಲ. ಹಿಕ್ಕೆಯೆಂದು ಇಷ್ಟು ದಿನ ತಿಪ್ಪೆಗೆ ಸುರಿದದ್ದು ಮೊಟ್ಟೆಯನ್ನು! "ಅಯ್ಯೋ ನನ್ನ ಮಡಿಗಿಷ್ಟು ಬೆಂಕಿ ಹಾಕ!" ಎಂದು ತನಗೆ ತಾನೇ ಬೈದುಕೊಂಡು, ಆಮೇಲೆ ನಕ್ಕಳು.

ಅಂದಿನಿಂದ ಗುಡಾಣ ಬಳಿಯಲಿಲ್ಲ. ಹಿಕ್ಕೆ ತುಂಬಿತು, ವಾಸನೆ ಹೊಡೆಯಿತು, ಬಳಿಯಲು ಅವಳ ಕೈ ಕಡಿಯಿತು. ಆದರೂ ಸೆರಗು ಮೂಗಿಗೆ ಹಿಡಿದು ಹೊಟ್ಟು ಹಾಕಿ ಬರುತ್ತಿದ್ದಳೇ ಹೊರತು ತಳ ಮುಟ್ಟಲಿಲ್ಲ. ಹೆತ್ತ ಮಕ್ಕಳನ್ನು ಸಾಕುವಾಗಲೂ ಅಷ್ಟು ತಾಳ್ಮೆ ಇರಲಿಲ್ಲ ಅವಳಿಗೆ.

ಸಂಕ್ರಾಂತಿಗೆ ಇನ್ನೂ ದಿನವಿರುವಾಗಲೇ ಚಿಪ್ಪು ಎತ್ತಿದರೆ ಎಳ್ಳು ಚೆಲ್ಲಿದಂತೆ ಮರಿಗಳು! ಬಟ್ಟಲಲ್ಲಿ ಹಿಡಿದು ಮಾವನ ಕಿಟಕಿಯಲ್ಲಿಟ್ಟಳು. ಗೋಸುಂಬೆ ಒಂದು ಕಣ್ಣು ಹೊರಳಿಸಿತು, ನಾಲಿಗೆ ಛಟ್ಟನೆ ಹೋಗಿ ಬಂತು. ಮತ್ತೆ ಹೋಯಿತು. ಬೈಲಪ್ಪ ಬಿಟ್ಟ ಬಾಯಿ ಮುಚ್ಚಲಿಲ್ಲ. ಮುನಿತಾಯಮ್ಮ ಅಡುಗೆಮನೆಗೆ ಹೋದಳು.

ಸಂಜೆ ಪಕ್ಕದ ಮನೆಯ ಆಂಜಿನಪ್ಪ ಬಂದು ನೋಡಿ ಬೆರಗಾದ. "ಬೈಲಪ್ಪಣ್ಣ, ಮಂಚದ ಮೇಲಿದ್ರೂ ನಿನ್ನ ಕೈಗುಣ ಹೋಗಿಲ್ಲ ಬಿಡು!"

ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಕೋಲು ನಿಂತಿತು.

"ನಂದೆಲ್ಲಿ ಬಂತಪ್ಪ?" ಎಂದ ಮುದುಕ. "ಎಲ್ಲಾ ನಮ್ಮ ಸೊಸೆ ಕೈಗುಣ. ಇದೂ ಅವಳದ್ದೇ, ರೇಷ್ಮೇನೂ ಅವಳದ್ದೇ."

ಮುನಿತಾಯಮ್ಮನಿಗೆ ಪ್ರತಿ ಅಕ್ಷರವೂ ಕೇಳಿಸಿತ್ತು. ಆದರೂ ಕೈ ಒರೆಸಿಕೊಂಡು ಬಾಗಿಲಿಗೆ ಬಂದು, ತಲೆಯೆತ್ತಿ ನಿಂತು ಕೇಳಿದಳು: "ಏನಂದ್ರಿ ಮಾವ? ಒಲೆ ಸದ್ದಿಗೆ ಕೇಳಿಸ್ಲಿಲ್ಲ."