ಇರುವೆ ಆಟ

"ನಿಮ್ಮ ಕಂಪ್ಲೇಂಟ್ ಸರಿಯಾಗೇ ಇದೆ ಅಂತ ಕೌಂಟಿ ಆಫೀಸಿನವರು ಒಪ್ಕೊಂಡಿದಾರೆ ಅಕ್ಕ," ಎಂದಳು ದೀಪ್ತಿ. ಆದರೆ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಪ್ರಭಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಹಂಗಾದ್ರೆ ಈ ಶನಿವಾರ ಪುಟ್ಟಿ ಹತ್ರ ಕನ್ನಡ ಮಾತಾಡಬಹುದಾ?"

"ಕನ್ನಡ ಬರೋರು ಒಬ್ರು ಸಿಗೋವರೆಗೂ ವಿಸಿಟ್ಟೇ ನಿಲ್ಲಿಸ್ತಾರಂತೆ."

ಆರ್ಟೀಸಿಯಾದ ಸಿಹಿತಿಂಡಿ ಅಂಗಡಿಯ ಹಿಂಬದಿಯ ಆ ಅಡುಗೆಮನೆಯಲ್ಲಿ ಫ್ಯಾನಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಪ್ರಭಾ ಹಿಟ್ಟಿನ ಕೈಯಲ್ಲೇ ಸ್ಟೂಲಿನ ಮೇಲೆ ಕುಳಿತಳು.

ಕೆಲಸ ಹುಡುಕಿಕೊಂಡು ಟೆಕ್ಸಾಸಿಗೆ ಹೋದ ಗಂಡ ಮನೋಜ್ ಫೋನ್ ಎತ್ತುವುದನ್ನೂ ಬಿಟ್ಟಿದ್ದ. ಮಗುವನ್ನು ನೋಡಿಕೊಳ್ಳುವವರಿಲ್ಲ. ಒಂದು ಮಧ್ಯಾಹ್ನ, ಮಲಗಿದ್ದ ಮೂರು ವರ್ಷದ ಮಗಳನ್ನು ಒಳಗೆ ಬಿಟ್ಟು, ಬೀಗ ಹಾಕಿ, ಎರಡು ಬೀದಿ ಆಚೆಯ ಈ ಅಂಗಡಿಗೆ ಚಪಾತಿ ಮಾಡಲು ಬಂದಿದ್ದಳು. ಮಗು ಎದ್ದು ಬಾಲ್ಕನಿಯಲ್ಲಿ ಕುರ್ಚಿ ಹತ್ತಿ ನಿಂತಿತ್ತು. ಎದುರುಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಪ್ರಭಾ ಓಡಿ ಬರುವಷ್ಟರಲ್ಲಿ ಪುಟ್ಟಿ ಮಕ್ಕಳ ರಕ್ಷಣಾ ಇಲಾಖೆಯವರ ಕಾರಿನ ಹಿಂದಿನ ಸೀಟಿನಲ್ಲಿದ್ದಳು. ಈಗ ಅವಳು ಕೋರ್ಟಿನ ಆದೇಶದಂತೆ ವೆಸ್ಟ್ ಕೊವಿನಾದಲ್ಲಿ, ಬೇರೆಯವರ ಮನೆಯಲ್ಲಿ.

ಶನಿವಾರಕ್ಕೊಮ್ಮೆ ಕೌಂಟಿ ಕಚೇರಿಯ, ಅಂದರೆ ಅಲ್ಲಿನ ಜಿಲ್ಲಾ ಕಚೇರಿಯ, ಒಂದು ಕೋಣೆಯಲ್ಲಿ ಭೇಟಿ. ತಾಯಿ ಮಗು ಇಬ್ಬರೂ ಆಡುವ ಪ್ರತಿ ಮಾತೂ ಪಕ್ಕದಲ್ಲಿ ಕೂತು ನಿಗಾ ಇಡುವ ಹೆಂಗಸಿಗೆ ಅರ್ಥವಾಗಬೇಕು. ಅಂದರೆ ಇಂಗ್ಲಿಷೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಪ್ರಭಾಳಿಗೆ ಬಸ್ಸು ಕೇಳುವಷ್ಟು, ಬೆಲೆ ಹೇಳುವಷ್ಟು ಇಂಗ್ಲಿಷ್ ಬರುತ್ತಿತ್ತು. "ಯು ಈಟ್? ಗುಡ್?" ಎಂದು ಕೇಳಿದ ಮೇಲೆ ಮಗಳಿಗೆ ಹೇಳಲು ಅವಳ ಬಳಿ ಏನೂ ಉಳಿಯುತ್ತಿರಲಿಲ್ಲ. ಪುಟ್ಟಿ ವಾರದಿಂದ ವಾರಕ್ಕೆ ಅವಳನ್ನು ಅಂಗಡಿಯವಳನ್ನು ನೋಡುವ ಹಾಗೆ ನೋಡತೊಡಗಿದ್ದಳು. ಚಪಾತಿ ಕೊಳ್ಳಲು ಬರುತ್ತಿದ್ದ ದೀಪ್ತಿ ಇದನ್ನು ಕೇಳಿ ಸಿಟ್ಟಾಗಿ, ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೂತು ದೂರು ಟೈಪ್ ಮಾಡಿ ಕಳಿಸಿದ್ದಳು.

"ವುಡ್‌ಲ್ಯಾಂಡ್ ಹಿಲ್ಸ್‌ನ ಇಂದಿರಾ ಆಂಟಿನ ಕೇಳಿದೆ, ನಿಮಗೆ ಕನ್ನಡ ಬರುತ್ತಲ್ಲ, ಬಂದು ಕೂತ್ಕೊಳ್ತೀರಾ ಅಂತ. ಕೋರ್ಟು ಗೀರ್ಟು ನಮಗ್ಯಾಕಮ್ಮಾ ಅಂದ್ರು," ಎಂದಳು ದೀಪ್ತಿ.

"ಹೋಳಿಗೆ ಮಾತ್ರ ನನ್ನ ಕೈದೇ ಆಗ್ಬೇಕು ಅವರಿಗೆ," ಎಂದಳು ಪ್ರಭಾ. ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ತೆಗೆಯುತ್ತ, "ವಾಪಸ್ ತಗೊಂಡುಬಿಡು ಆ ಕಂಪ್ಲೇಂಟನ್ನ," ಎಂದಳು.

"ಅಕ್ಕ, ಅದು ನಿಮ್ಮ ಹಕ್ಕು."

"ಹಕ್ಕು ಇಟ್ಕೊಂಡು ಏನ್ ಮಾಡ್ಲಿ? ನನಗೆ ಮಗು ನೋಡ್ಬೇಕು. ಇಂಗ್ಲಿಷಲ್ಲೇ ಇರ್ತೀನಿ ಅಂತ ಬರಿ. ಬಾಯೇ ಬಿಡಲ್ಲ ಅಂತ ಬರಿ."

ದೀಪ್ತಿ ಬರೆದಳು. ಆದರೂ ಮತ್ತೆ ಕರೆ ಬರುವಷ್ಟರಲ್ಲಿ ಕೆಲವು ಶನಿವಾರಗಳು ಹೋಗಿದ್ದವು.

ಕೋಣೆಯಲ್ಲಿ ಮೇಲ್ವಿಚಾರಣೆಗೆ ಮಾರಿಸೆಲ್ ಕುಳಿತಿದ್ದಳು. ಕೆಟ್ಟವಳಲ್ಲ. ಬೇರೆ ಭಾಷೆ ಕಿವಿಗೆ ಬಿದ್ದರೆ ಅವತ್ತಿನ ಭೇಟಿ ಅಲ್ಲಿಗೇ ಮುಗಿಸಬೇಕಾಗುತ್ತದೆ ಎಂದು ನಿಧಾನವಾಗಿ, ಎರಡು ಸಲ ಹೇಳಿದಳು. ಪಕ್ಕದ ಕೋಣೆಯಲ್ಲಿ ಯಾರೋ ತಾಯಿ ಸ್ಪ್ಯಾನಿಷಿನಲ್ಲಿ ಹಾಡುತ್ತಿದ್ದಳು; ಅಲ್ಲಿ ನಿಗಾಕ್ಕೆ ಕೂತವರಿಗೆ ಆ ಭಾಷೆ ಬರುತ್ತಿತ್ತು.

ಪುಟ್ಟಿಯ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದರು. ಅವಳು ಪ್ಲಾಸ್ಟಿಕ್ ಲಾರಿಯ ಚಕ್ರ ತಿರುಗಿಸುತ್ತ ಕುಳಿತಿದ್ದಳು, ತಲೆಯೆತ್ತಲಿಲ್ಲ. "ಹಲೋ, ಬೇಬಿ," ಎಂದಳು ಪ್ರಭಾ. ಅವಳಿಗೇ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಮೆಲ್ಲಗೆ ಮಗುವಿನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅಂಗೈಯ ಮಧ್ಯದಲ್ಲಿ ಎರಡು ಬೆರಳು ಊರಿದಳು.

ನಿದ್ದೆ ಬಾರದಿದ್ದಾಗ ಆಡಿಸುತ್ತಿದ್ದ ಆಟ ಅದು. ಬೆರಳುಗಳೇ ಇರುವೆ. ಸಕ್ಕರೆ ಹುಡುಕುತ್ತ ಕೈಯ ಮೇಲೆ ನಡೆದು ನಡೆದು ಕೊನೆಗೆ ಕಂಕುಳಲ್ಲಿ ಕಚಗುಳಿ. ಮಾತಿಲ್ಲದೆ ಅದನ್ನು ಎಂದೂ ಆಡಿರಲಿಲ್ಲ.

ಬೆರಳುಗಳು ಮಣಿಕಟ್ಟು ದಾಟಿದವು. ಚಕ್ರ ನಿಂತಿತು. ಪುಟ್ಟಿ ಬೆರಳನ್ನೇ ನೋಡತೊಡಗಿದಳು. ಮೊಣಕೈ ಹತ್ತಿರವಾದಂತೆ ಭುಜ ತಾನೇ ಮೇಲೇರಿ ಕಿವಿಗೆ ತಾಗಿತು. ಬರಲಿರುವ ಕಚಗುಳಿ ಅವಳಿಗೆ ನೆನಪಿತ್ತು.

"ಇರುವೆ ಬಂತು," ಎಂದಳು ಪುಟ್ಟಿ, ಗಟ್ಟಿಯಾಗಿ. "ಇರುವೆ ಬಂತಮ್ಮಾ, ಸಕ್ಕರೆ ಎಲ್ಲಿ—"

ಮಾರಿಸೆಲ್ ತಲೆಯೆತ್ತಿದಳು. ಅಷ್ಟರಲ್ಲಿ ಪ್ರಭಾಳ ಬಲಗೈ ಮಗಳ ಬಾಯಿ ಮುಚ್ಚಿತ್ತು.

ಅಂಗೈಯ ಒಳಗೆ ಆ ಪುಟ್ಟ ತುಟಿಗಳು ಇನ್ನೂ ಅಲುಗುತ್ತಿದ್ದವು, ಬೆಚ್ಚಗೆ. ಎಡಗೈಯ ಎರಡು ಬೆರಳು ಮಾತ್ರ ಮಗುವಿನ ಮೊಣಕೈ ಮೇಲೆ ನಿಂತಲ್ಲೇ ನಿಂತಿದ್ದವು.